ಬಚ್ಚಲ ಗೋಡೆಯ ಬೆಕ್ಕಿನ ಪೆಟ್ಟಿಗೆ

ಕ್ಯಾಂಪ್, ಬೆಳಗಾವಿ
9-1-1979

ಖಾನಾಪುರದ ಅಕ್ಕನಿಗೆ ತಮ್ಮನ ಶರಣು.

ಹೊಸ ಶಾಲೆ ಒಗ್ಗಿದೆ, ಚಳಿ ಒಗ್ಗಿಲ್ಲ. ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಬೀಡಾಡಿ ಬೆಕ್ಕು ಎರಡು ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು ನಡುಗುತ್ತಿತ್ತು. ಚಹಾಪುಡಿಯ ಖಾಲಿ ಪೆಟ್ಟಿಗೆಗೆ ತೂತು ಕೊರೆದು, ಭತ್ತದ ಹುಲ್ಲು ತುಂಬಿ, ಬಚ್ಚಲ ಗೋಡೆಗೆ ಒತ್ತಿಟ್ಟೆ. ಗೋಡೆಯಾಚೆಗೇ ನೀರೊಲೆ, ಬೆಚ್ಚಗಿರಲಿ ಎಂದು. ಮೂರೂ ಒಳಗೆ ಸೇರಿ ಎಂಟು ದಿನ ಸುಖವಾಗಿದ್ದವು.

ಹೋದ ಗುರುವಾರ ಬೆಳಿಗ್ಗೆ ಮನೆಯೊಡತಿ ಚಂಪವ್ವ ಕೂಗಿದಳು: "ಏಳ್ರಿ ಮಾಸ್ತರ, ನೀರು ಕುದ್ಯಾಕತ್ತಾವ. ಇವತ್ತರ ಜೋರ್ ಜಳಕಾ ಮಾಡ್ರಿ!" ಖುಷಿಯಿಂದ ಎರಡು ಕೊಡ ಸುರಿದುಕೊಂಡೆ. ಹೊರಗೆ ಬಂದು ನೋಡಿದರೆ ಪೆಟ್ಟಿಗೆ ಇಲ್ಲ.

"ಕಟಗಿ ಎಲ್ಲಾ ಮಂಜಿಗೆ ತೊಯ್ದಿದ್ದೂರಿ. ಬೆಕ್ಕು ಝಾಡಿಸಿ ಪೆಟಗಿ ಒಲಿಗೆ ಹಾಕಿದ್ನಿ. ಬೆಕ್ಕಿಗೇನ್ ಪಲ್ಲಂಗ ಬೇಕೇನ್ರಿ?" ಎಂದು ನಕ್ಕಳು.

ಮರುದಿನ ಮರಿಗಳೆರಡೂ ಗಟಾರದ ಅಂಚಿನಲ್ಲಿ ಸೆಟೆದು ಬಿದ್ದಿದ್ದವು. ತಾಯಿ ಇನ್ನೂ ನೆಕ್ಕುತ್ತಿತ್ತು.

ಟಪಾಲು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಮುಗಿಸುವೆ. ಕೆಮ್ಮು ಹತ್ತಿದೆ, ಗಾಬರಿಯಾಗಬೇಡ. ಅಂದಿನಿಂದ ತಣ್ಣೀರಿನಲ್ಲೇ ಮೀಯುತ್ತಿದ್ದೇನೆ.

ನಿನ್ನ ತಮ್ಮ
ಗುರುಪುತ್ರಪ್ಪ