ನೀಲಿ ಬಿಲ್ಲೆಗಳ ಹಿಡಿತ

ಅಕ್ಟೋಬರ್ 7, ಸೋಮವಾರ, ಬೆಳಗ್ಗೆ 8

ಮೂವತ್ತು ಬಿಲ್ಲೆ ತೊಳೆದಾಯಿತು. ಬಿಸಿನೀರು, ಪಾತ್ರೆ ಸೋಪು, ಅಡುಗೆ ಸೋಡಾ, ಹಳೆ ಟೂತ್‌ಬ್ರಷ್. ಇಸ್ಪೀಟಿನಲ್ಲಿ ಪಣಕ್ಕಿಡುವ ಹೊಸ ಪೋಕರ್ ಬಿಲ್ಲೆಗಳ ಮೇಲೆ ಕಾರ್ಖಾನೆಯ ಜಿಡ್ಡು ಇರುತ್ತದೆ. ಹೋಗದಿದ್ದರೆ ಒಂದರ ಮೇಲೊಂದು ನಿಲ್ಲವು, ಜಾರುತ್ತವೆ. ನಮಗೆ ಜಾರಿದರೆ ನಗು. ಅಜ್ಜನಿಗೆ ಹಾಗಲ್ಲ — ಮಾರ್ಚ್‌ನಲ್ಲಿ ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಬೆರಳುಗಳಿಗೆ ಏನು ಹಿಡಿದಿದ್ದೇವೆಂದೇ ಸರಿಯಾಗಿ ತಿಳಿಯುವುದಿಲ್ಲ.

ನಿನ್ನೆ ಭಾನುವಾರದ ಆಟದಲ್ಲಿ ಮೂರು ಸಲ ಬೀಳಿಸಿದ. ಆಮೇಲೆ ಗೆಳೆಯ ಆರ್ವಿಲ್‌ಗೆ ಹೇಳಿದ: "ಇನ್ನೊಂದು ತಿಂಗಳು ನೋಡ್ತೀನಿ ಕಣೋ. ಆಗದಿದ್ರೆ ನನ್ನ ಕುರ್ಚಿ ಬೇರೆ ಯಾರಿಗಾದ್ರೂ ಕೊಟ್ಬಿಡಿ."

ಇಬ್ಬರೂ ಡುಲೂತ್ ಬಂದರಿನಲ್ಲಿ ಒಟ್ಟಿಗೆ ದುಡಿದವರು. ಮೂವತ್ತೆಂಟು ವರ್ಷದ ಆಟ, ಇದೇ ಅಡುಗೆಮನೆ ಮೇಜು. ಅದೂ ಹೋದರೆ ಅಜ್ಜನಿಗೆ ಉಳಿಯುವುದು ಕಿಟಕಿ ಒಂದೇ.

ಬಿಲ್ಲೆಯನ್ನೇ ಸರಿಮಾಡಬಹುದು ಅಂತ ಹೊಳೆದದ್ದು ನನಗೆ. ನನಗೊಬ್ಬಳಿಗೆ.

ಅಕ್ಟೋಬರ್ 11, ಶುಕ್ರವಾರ

ಕೆಂಪು ಬಿಲ್ಲೆಗಳು ಮುಗಿದವು. ನೂರೈವತ್ತು. ಕೆಲಸ ಮಾಡುವ ಪುಸ್ತಕದಂಗಡಿಯಲ್ಲಿ ಪುಟ ತಿರುಗಿಸಿದರೂ ಬೆರಳು ಉರಿ.

ಅಜ್ಜ ಐದನ್ನು ಎತ್ತಿದ. ನಿಂತವು. "ಪರವಾಗಿಲ್ಲ ಲೈನಾ."

ಫಿನ್ಲೆಂಡ್ ಮೂಲದ ನಮ್ಮ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಯಾರೂ ಹೊಗಳುವುದಿಲ್ಲ. ಸಂಜೆಯೆಲ್ಲ ಅದೇ ಮಾತು ಕಿವಿಯಲ್ಲಿ.

ಅಕ್ಟೋಬರ್ 13, ಭಾನುವಾರ

ಬ್ರಿಟಾ ಬಂದಳು. ಚಿಕ್ಕಪ್ಪನ ಮಗಳು. ಬಂದರೆ ಮನೆ ತುಂಬುತ್ತದೆ, ನಾನು ಮೂಲೆ ಸೇರುತ್ತೇನೆ.

"ಏ ಪುಸ್ತಕದ ಹುಳ, ಒಂದೊಂದಕ್ಕೂ ಸ್ನಾನ ಮಾಡಿಸಿದ್ಯಂತೆ! ಹೆಸರೂ ಇಟ್ಟಿದ್ದೀಯಾ?"

ಎಲ್ಲರೂ ನಕ್ಕರು. ನಾನೂ.

ಹಲಗೆಗೆ ನಯವಾದ ಉಪ್ಪುಕಾಗದ ಅಂಟಿಸಿ ತಂದಿದ್ದಳು. ನೀಲಿ ಬಿಲ್ಲೆಗಳನ್ನು ಎಳೆದುಕೊಂಡು, ಪ್ರತಿಯೊಂದರ ಎರಡೂ ಮುಖ ಮೂರು ಸುತ್ತು ಉಜ್ಜಿದಳು. ಆರ್ವಿಲ್ ಜೊತೆ ಹರಟುತ್ತಲೇ. ಒಂದು ಗಂಟೆ. ನನಗೆ ಐದು ದಿನ.

ಅಜ್ಜ ಹತ್ತು ನೀಲಿಯನ್ನು ಒಟ್ಟಿಗೆ ಎತ್ತಿದ. ಅಲುಗಲಿಲ್ಲ. "ಅರೆ ಹುಡುಗಿ! ಹಳೇ ಮಣ್ಣಿನ ಬಿಲ್ಲೆ ಥರ ಕಚ್ಕೊಂಡಿವೆ!" ಬೆನ್ನು ತಟ್ಟಿದ. ಜೋರಾಗಿ ನಕ್ಕ. ಮಾರ್ಚ್ ಆದಮೇಲೆ ಹಾಗೆ ನಕ್ಕಿದ್ದು ಇವತ್ತೇ.

ಸಂತೋಷಪಡಬೇಕಿತ್ತು.

ಆಟವಿಡೀ ಅವನ ಬೆರಳುಗಳನ್ನೇ ನೋಡಿದೆ. ಒಂದು ಕೆಂಪು ಸಾಕಾಗುವಲ್ಲೂ ಹೆಚ್ಚು ಬೆಲೆಯ ನೀಲಿ ಇಟ್ಟು ಚಿಲ್ಲರೆ ಕೇಳುತ್ತಾನೆ. ಕೆಂಪನ್ನು ಮುಟ್ಟುವುದೇ ಇಲ್ಲ.

ಅಕ್ಟೋಬರ್ 16, ಬುಧವಾರ

ತಿಂಡಿಗೆ ಏಲಕ್ಕಿ ಬ್ರೆಡ್ ಮಾಡಿದ್ದೆ. ಅಜ್ಜ ತಿನ್ನುತ್ತ, "ಭಾನುವಾರ ಬ್ರಿಟಾ ಬರ್ತಾಳಲ್ವಾ?"

ಇದೇ ಮನೆಯಲ್ಲಿರುವ ನಾನು ಬರುತ್ತೇನಾ ಅಂತ ಯಾರು ಕೇಳುತ್ತಾರೆ.

ಅಕ್ಟೋಬರ್ 19, ಶನಿವಾರ, ಮಧ್ಯಾಹ್ನ

ಉಜ್ಜಿದ್ದರಿಂದ ನೀಲಿ ಬಿಲ್ಲೆಗಳು ಬೂದಿ ಬಡಿದ ಹಾಗಾಗಿವೆ. ತರಕಾರಿ ಹೆಚ್ಚುವ ಹಲಗೆಗೆ ಹಚ್ಚುವ ಎಣ್ಣೆ ಇತ್ತು. ತೆಳ್ಳಗೆ ಸವರಿದೆ. ಬಣ್ಣ ಎದ್ದು ಕಾಣುತ್ತದೆ. ಬಿಲ್ಲೆ ಹುಚ್ಚಿನವರೆಲ್ಲ ಮಾಡುವುದೇ. ಒರೆಸಿದೆ.

ಚೆನ್ನಾಗಿ ಕಾಣುತ್ತಿವೆ.

ಅಕ್ಟೋಬರ್ 22, ಮಂಗಳವಾರ

ಎರಡು ದಿನ ಬರೆಯಲಾಗಲಿಲ್ಲ.

ಭಾನುವಾರ ಅಜ್ಜನಿಗೆ ಮೂರು ರಾಜ ಬಂದಿದ್ದವು. ಅವನ ಹಿಂದೆಯೇ ನಿಂತಿದ್ದೆ. ನೀಲಿಯ ಎತ್ತರದ ಗೋಪುರ ಎತ್ತಿದ. ಅರ್ಧದಲ್ಲಿ ಜಾರಿತು. ಬಿಲ್ಲೆಗಳು ಮೇಜಿನಾಚೆ, ನೆಲದ ಮೇಲೆ, ಒಲೆಯ ಕೆಳಗೆ. ಹಿಡಿಯಲು ಹೋದ ಕೈ ತಾಗಿ ಎಲೆಗಳೂ ಮಗುಚಿದವು. ಮೂರೂ ರಾಜರು ಎಲ್ಲರ ಕಣ್ಣಿಗೆ.

"ಕಾಲಿಗೆ ಬೀಳ್ತೀನಿ ಟೊಯ್ವೊ, ಇಷ್ಟು ದಾನ ಮಾಡ್ಬೇಡ!" ಅಂದ ಆರ್ವಿಲ್ ಅಜ್ಜನಿಗೆ.

ಅಜ್ಜ ನಗಲಿಲ್ಲ. ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ.

ಬ್ರಿಟಾ ಬಗ್ಗಿ ಒಂದನ್ನು ಎತ್ತಿಕೊಂಡಳು. ಹೆಬ್ಬೆರಳಲ್ಲಿ ತಿಕ್ಕಿದಳು. ಮೂಸಿದಳು. ನನ್ನ ಕಡೆ ನೋಡಿದಳು. ಆಮೇಲೆ —

"ತಪ್ಪು ನಂದೇ ಅಜ್ಜ. ನೆಟ್ಟಗೆ ಉಜ್ಜಿಲ್ಲ."

"ನಂಗೆ ಕನಿಕರ ತೋರಿಸ್ಬೇಡ ಮಗಳೇ. ಹೋದ ವಾರ ಇವೇ ಬಿಲ್ಲೆ ಸರಿಯಾಗಿದ್ವು. ಹಾಳಾಗಿರೋದು ಕೈ." ಎದ್ದ. "ಮುಂದಿನ ವಾರದಿಂದ ನಿನ್ನ ಮನೇಲಿ ಆಡ್ಕೊಳ್ಳಿ ಆರ್ವಿಲ್."

ಬಣ್ಣ ಎದ್ದು ಕಾಣಲಿ ಅಂತ ಎಣ್ಣೆ ಸವರಿದೆ ಎಂದು ಬರೆದಿದ್ದೆ ಮೇಲೆ. ಸುಳ್ಳು. ಓದುವವರೇ ಇಲ್ಲದ ಪುಸ್ತಕದಲ್ಲೂ ಸುಳ್ಳು. ಜಾರುತ್ತವೆ ಅಂತ ಗೊತ್ತಿತ್ತು. ಒಂದೆರಡು ಜಾರಲಿ, ಅಜ್ಜ ನನ್ನ ಕೆಂಪಿನ ಕಡೆ ಬರಲಿ... ಅಷ್ಟೇ ಬೇಕಾಗಿದ್ದದ್ದು.

ಆ ತಪ್ಪನ್ನೂ ಬ್ರಿಟಾ ತನ್ನದು ಮಾಡಿಕೊಂಡಳು ಅಂತ ಅವಳ ಮೇಲೇ ಸಿಟ್ಟು ಬರುತ್ತಿದೆ. ಎಂಥವಳು ನಾನು.

ಅಕ್ಟೋಬರ್ 24, ಗುರುವಾರ

ಅಜ್ಜನ ಬಲಗೈ ಜೇಬಿನಲ್ಲೇ. ಎಡಗೈಯಲ್ಲಿ ಸೂಪು, ಎದೆಯ ಮೇಲೆಲ್ಲ. ಡಾಕ್ಟರು ಹೇಳಿದ ಬೆರಳಿನ ವ್ಯಾಯಾಮವನ್ನೂ ಬಿಟ್ಟಿದ್ದಾನೆ. "ಯಾಕೆ ಬೇಕು?"

ಬ್ರಿಟಾಳ ಫೋನು. ಅಂಗಡಿಯ ಹಿಂದೆ ನಿಂತು ಮಾತಾಡಿದೆ.

"ನಾನು ಹೇಳಲ್ಲ ಲೈನಾ. ನೀನೇ ಹೇಳ್ಬೇಕು."

"ಹೇಳಿದ್ರೆ ನನ್ನ ಮುಖ ನೋಡ್ತಾನಾ?"

"ಗೊತ್ತಿಲ್ಲ. ತನ್ನ ಕೈಯನ್ನಂತೂ ಮತ್ತೆ ನೋಡ್ಕೋತಾನೆ."

ಎಷ್ಟು ಸಲೀಸಾಗಿ ಸರಿಯಾದ ಮಾತು ಬರುತ್ತದೆ ಅವಳಿಗೆ. ಅದಕ್ಕೂ ಹೊಟ್ಟೆಕಿಚ್ಚು.

ಅಕ್ಟೋಬರ್ 27, ಭಾನುವಾರ, ಮಧ್ಯಾಹ್ನ 1.40

ಎರಡಕ್ಕೆ ಆರ್ವಿಲ್ ಮನೆಯಲ್ಲಿ ಆಟ. ಅಜ್ಜ ಕಿಟಕಿಯ ಹತ್ತಿರ. ಕೋಟು ಹಾಕಿಕೊಂಡು ಮತ್ತೆ ಬಿಚ್ಚಿಟ್ಟ. ನಾನು ಕಾರಿನ ಕೀ ಹಿಡಿದು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಈಗ ಹೇಳಿದರೆ ತಲುಪಬಹುದು.

ಸಾಹಿತ್ಯ ಓದಿದವಳು, ಎರಡು ವಾಕ್ಯ ಕೂಡಿಸಲಾರೆ. ಮೊದಲನೆಯದು ಸಿಕ್ಕಿದೆ: ಅಜ್ಜ, ನಿನ್ನ ಕೈಯದು ಏನೂ ತಪ್ಪಿಲ್ಲ.

ಎರಡನೆಯದು "ನಾನು" ಅಂತಲೇ ಶುರುವಾಗಬೇಕು. ನಾನು ಬೇಕೆಂದೇ ಎಣ್ಣೆ —