ಮೊಡವೆ ಹೋದರೆ

೭ ಫೆಬ್ರವರಿ ೧೯೯೪, ಸೋಮವಾರ. ಹಿಂದೂಪುರ.

ಇವತ್ತು ಗಲ್ಲದ ಸಿಪ್ಪೆ ಏಳತೊಡಗಿದೆ. ಈ ಮೊಡವೆ ಕ್ರೀಮು ಹಚ್ಚಿದರೆ ಮೊದಲು ಹೀಗಾಗಿ ಆಮೇಲೆ ಮೊಡವೆ ಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಅಮ್ಮ ನಂಬಿರುವುದು ಡಾಕ್ಟರನ್ನಲ್ಲ, ಕಲ್ಯಾಣದುರ್ಗದಿಂದ ನನ್ನನ್ನು ನೋಡಲು ಬಂದಿದ್ದ ಹುಡುಗನ ತಾಯಿಯನ್ನು.

"ರಾತ್ರಿಯೆಲ್ಲ ಓದಿ ಓದಿ ಉಷ್ಣ ಆಗೈತೆ ಕಣಮ್ಮ. ಮೊಡವೆ ಹೋಗ್ಲಿ, ಆಮ್ಯಾಲೆ ಮಾತಾಡಾಣ," ಅಂದಿದ್ದರು ಆಕೆ.

ಅಂದೇ ನಾನು ಓದುತ್ತಿದ್ದ ಅನುವಾದಿತ ಕಾದಂಬರಿಗಳೆಲ್ಲ ಟ್ರಂಕು ಸೇರಿದವು. ಬೀಗದ ಕೈ ಅಮ್ಮನ ಸೆರಗಿನಲ್ಲಿದೆ.

ಮೊಡವೆ ಹೋಗದಿದ್ದರೆ ಟ್ರಂಕು ತೆರೆಯುವುದಿಲ್ಲ. ಹೋದರೆ, ಓದು ಬಿಡಿಸಿದ್ದಕ್ಕೇ ವಾಸಿಯಾಯಿತು ಅನ್ನುತ್ತಾರೆ. ಮದುವೆಯಾಗಿ ಹೋದರೆ ಆ ಹುಡುಗನ ಮನೆಯಲ್ಲಿ ಇನ್ನೆಂದೂ ಪುಸ್ತಕ ಮುಟ್ಟಗೊಡುವುದಿಲ್ಲ.

"ಹಚ್ಕಂಡ್ಯೇನೆ?" ಅಮ್ಮ ಬಾಗಿಲಲ್ಲೇ ನಿಂತಿದ್ದಳು.

ಕಡಲೆಕಾಳಿನಷ್ಟು ಹಚ್ಚಿಕೊಂಡೆ. ಉರಿಯುತ್ತಿದೆ. ಹಣೆಯ ಮೇಲಿನ ಎರಡು ಆಗಲೇ ಒಣಗಿವೆ.