ಎಳ್ಳು ಕುದೇರಿಗೆ ಹೋದದ್ದು

ಜುಲೈ 9, ಬುಧವಾರ

ಬೆಳಿಗ್ಗೆಯೂ ಹುಲ್ಲು ಮುಟ್ಟಿಲ್ಲ. ನಿನ್ನೆ ಸಂಜೆ ಹಾಕಿದ್ದು ಹಾಗೇ ಬಿದ್ದಿದೆ. ಎಳ್ಳು ಗೇಟಿನ ಕಡೆ ಮುಖ ಮಾಡಿ ನಿಂತಿದ್ದಾಳೆ. ಭಾನುವಾರ ಬೆಲ್ಲ ಹೋದ ದಾರಿ ಅದು.

ರೆಸಾರ್ಟ್ ಮುಚ್ಚಿದ ಮೇಲೆ ಇಲ್ಲಿ ಉಳಿದಿರುವುದು ನಾನು, ವಾಚ್‌ಮನ್ ಗುರುಮಲ್ಲಯ್ಯ, ಈ ಪುಟ್ಟ ಪೋನಿ ಕುದುರೆ. ನನ್ನ ಸೊಂಟದೆತ್ತರಕ್ಕೂ ಬರುವುದಿಲ್ಲ. ಅಕ್ಕ-ತಂಗಿ ಎರಡೂ ಒಂದು ಸಂಕ್ರಾಂತಿಗೆ ಬಂದವು. ಕರಿಯದು ಎಳ್ಳು, ಕಂದು ಬಣ್ಣದ್ದು ಬೆಲ್ಲ. ಒಂದು ದಿನವೂ ಬೇರೆ ಇದ್ದವಲ್ಲ. ಈಗ ಎರಡನ್ನೂ ಕುದೇರಿನ ಶಿವಮೂರ್ತಿ ತೆಗೆದುಕೊಂಡಿದ್ದಾರೆ. ರೈತರು, ಮನೆ ತುಂಬ ದನ, ಕುರಿ, ಟರ್ಕಿ ಕೋಳಿ... ಒಳ್ಳೆಯ ಜಾಗ.

ಭಾನುವಾರ ಬೆಲ್ಲ ಟ್ರೇಲರ್ ಹತ್ತಿದಳು. ಎಳ್ಳು ಹತ್ತಲಿಲ್ಲ. ಶಿವಮೂರ್ತಿಯ ಕಡೆಯವರು ಎಳೆದರು, ಹಿಂದಿನಿಂದ ತಳ್ಳಿದರು. ಹಿಂದಿನ ಬಾಗಿಲನ್ನೇ ಇಳಿಸಿ ಮಾಡಿದ ರ‍್ಯಾಂಪಿನಿಂದ ಜಾರಿ ಬಿದ್ದಳು, ಹುಬ್ಬಿನ ಮೇಲೆ ಗಾಯ. ಸಾಕು, ಇನ್ನೊಂದು ದಿನ ಬರೋಣ ಎಂದು ಬಿಟ್ಟರು.

ಗುರುಮಲ್ಲಯ್ಯ ಗಾಯಕ್ಕೆ ಅರಿಸಿನ ಹಚ್ಚುತ್ತ ನನ್ನ ಕಡೆ ನೋಡದೆ ಹೇಳಿದರು: ‘ಇದ್ಕೆ ಬೇಕಾಗಿರದು ಉಲ್ಲಲ್ಲ ಕಣಮ್ಮಿ. ಜೊತೆ.’

ಜುಲೈ 10, ಗುರುವಾರ

ಗುಂಡ್ಲುಪೇಟೆಯಿಂದ ಡಾಕ್ಟರ್ ಶಿವರುದ್ರಸ್ವಾಮಿ ಬಂದಿದ್ದರು. ಡ್ರಿಪ್ ಹಾಕಿದರು. ಇಷ್ಟು ಚಿಕ್ಕ ಜಾತಿಯ ಕುದುರೆ ಹೊಟ್ಟೆಗಿಲ್ಲದೆ ಇದ್ದರೆ ಮೈಯ ಕೊಬ್ಬೆಲ್ಲ ಕರಗಿ ರಕ್ತಕ್ಕೆ ಬರುತ್ತದಂತೆ. ಲಿವರ್ ಹೋಗುತ್ತದೆ. ಆಮೇಲೆ ಏನು ಮಾಡಿದರೂ ಇಲ್ಲ... ಈ ವಾರ ಕಳೆಯುವುದರೊಳಗೆ ತಿನ್ನಲೇಬೇಕು ಎಂದರು. ಬೆಲ್ಲಳನ್ನೇ ವಾಪಸ್ ತರೋಣವೇ ಎಂದೆ. ತಂದು? ಸೋಮವಾರದಿಂದ ನನಗೆ ಬದನಗುಪ್ಪೆಯಲ್ಲಿ ಹೊಸ ಕೆಲಸ. ಇಲ್ಲಿಗೆ ಬೀಗ.

ಶಿವಮೂರ್ತಿಗೆ ಫೋನ್ ಮಾಡಿದೆ. ಮಾತು ಮುಗಿಯುವ ಮೊದಲೇ ಹೊರಟೇಬಿಟ್ಟರು. ಸಂಜೆ ಟ್ರೇಲರ್ ತಂದು ನಿಲ್ಲಿಸಿ, ಇಲ್ಲೇ ಇರಲಿ, ಅವಳಿಗೆ ರೂಢಿಯಾಗಲಿ ಅಂದು, ಜೀಪು ಬಿಚ್ಚಿಕೊಂಡು ಹೋದರು.

ಡ್ರಿಪ್ ಮುಗಿಯುವವರೆಗೂ ಉಳಿದಿದ್ದ ಡಾಕ್ಟರ್ ಅದರೊಳಗೆ ಬಗ್ಗಿ ನೋಡಿ ತಲೆ ಆಡಿಸಿದರು. ಎತ್ತರದ ಕುದುರೆಗೆಂದು ಮಾಡಿದ ಗಾಡಿ. ಎದೆಗೆ ತಡೆಯಾಗಲೆಂದು ಇರುವ ಕಂಬಿ ಎಳ್ಳುವಿನ ತಲೆಗಿಂತ ಮೇಲಿದೆ. ಬ್ರೇಕ್ ಹಾಕಿದರೆ ಕೆಳಗಿನಿಂದ ತೂರಿಕೊಂಡು ಹೋಗುತ್ತಾಳೆ. ಜಾಗ ಕಿರಿದು ಮಾಡಿ, ಸುತ್ತ ಮೆತ್ತಗೆ ಏನಾದರೂ ತುಂಬಿ, ಅವಳನ್ನು ಮಾತ್ರ ಕಟ್ಟಬೇಡಿ ಎಂದರು. ಇನ್ನೊಂದು ಮಾತನ್ನು ಎರಡು ಸಲ ಹೇಳಿದರು. ರಸ್ತೆಯಲ್ಲಿ ಏನೇ ಆದರೂ ಹಿಂದಿನ ಬಾಗಿಲು ತೆಗೆಯಬಾರದು.

ಜುಲೈ 12, ಶನಿವಾರ. ರಾತ್ರಿ

ಒಳಗೆ ಬಂದಳು!

ನಿನ್ನೆಯೆಲ್ಲ ನಾನೂ ಗುರುಮಲ್ಲಯ್ಯನೂ ಗೋಣಿಚೀಲಗಳಿಗೆ ಭತ್ತದ ಹುಲ್ಲು ತುಂಬಿದೆವು. ಟ್ರೇಲರಿನ ಒಳಗೋಡೆಗೆ ಒರಗಿಸಿ ಕಟ್ಟಿದೆವು. ರ‍್ಯಾಂಪಿನ ಮೇಲೆ ತೆಂಗಿನ ನಾರಿನ ಮ್ಯಾಟ್—ರಿಸೆಪ್ಶನ್‌ನಲ್ಲಿ ಇದ್ದದ್ದು. ಬೆಲ್ಲಳನ್ನು ಉಜ್ಜುತ್ತಿದ್ದ ಹಳೆಯ ಕಂಬಳಿ ಒಳಗೆ ಹಾಸಿದೆವು. ಎಳ್ಳು ದೂರದಿಂದ ನೋಡಿದಳು, ಅಷ್ಟೇ.

ಇವತ್ತು ಯಾರೂ ಕರೆಯಬಾರದು, ಯಾರೂ ಎಳೆಯಬಾರದು ಅಂದುಕೊಂಡೆ. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಟ್ರೇಲರಿನೊಳಗೇ ಕುಳಿತೆ. ಬೆನ್ನು ಆ ಕಡೆಗೆ. ಊಟವೂ ಅಲ್ಲೇ. ಮೊಸರನ್ನ ತಿನ್ನುತ್ತಿದ್ದೆ, ಕತ್ತಿನ ಮೇಲೆ ಬಿಸಿ ಉಸಿರು... ತಿರುಗಲಿಲ್ಲ. ಕಂಬಳಿ ಮೂಸಿದಳು. ಬಹಳ ಹೊತ್ತು ಮೂಸಿದಳು. ಆಮೇಲೆ ತಾನಾಗೇ ಇಳಿದು ಹೋದಳು. ಸಂಜೆ ಮತ್ತೆ ಬಂದಳು.

ತಿಂದದ್ದು ಮಾತ್ರ ಒಂದು ಹಿಡಿ. ನಾಳೆ ಹೊರಡಲೇಬೇಕು. ನೀವೂ ಬನ್ನಿ ಎಂದೆ ಗುರುಮಲ್ಲಯ್ಯನಿಗೆ. ‘ನಾ ಬರಾಕಿಲ್ಲ. ಅಲ್ಲಿ ಅದ್ನ ಬುಟ್ಬುಟ್ಟು ತಿರುಗ್ಕಂಡು ಬರಾದು ನನ್ ಕೈಲಾಗಕಿಲ್ಲ’ ಎಂದು ಎದ್ದು ಹೋದರು.

ಜುಲೈ 13, ಭಾನುವಾರ. ಸಂಜೆ, ಕುದೇರು

ಬರೆದುಬಿಡಬೇಕು. 

ಬೆಳಿಗ್ಗೆ ತಂಪಿನಲ್ಲೇ ಹತ್ತಿಸಿದೆವು. ಹತ್ತಿಸಿದೆವು ಏನು, ಅವಳೇ ಹತ್ತಿದಳು. ಶಿವಮೂರ್ತಿ ಜೀಪು ಸ್ಟಾರ್ಟ್ ಮಾಡುವಾಗ ಗುರುಮಲ್ಲಯ್ಯ ಚಪ್ಪಲಿಯನ್ನೂ ಹಾಕದೆ ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಹೊರಟೆವು.

ಗುಂಡ್ಲುಪೇಟೆ ದಾಟಿದ್ದೆವು, ತೆರಕಣಾಂಬಿಗೆ ಇನ್ನೂ ದೂರವಿತ್ತು. ಸೂರ್ಯಕಾಂತಿ ಹೊಲ, ರಸ್ತೆಯ ಎರಡೂ ಕಡೆ ಕೇರಳದ ಕಾರುಗಳು, ಫೋಟೋಗೆ ನಿಂತ ಜನ. ಒಂದು ಕಾರು ನೋಡದೆ ರಸ್ತೆಗೆ ಬಂತು. ಶಿವಮೂರ್ತಿ ಬ್ರೇಕ್ ಹಾಕಿದರು. ಹಿಂದೆ ಧಡ್ ಅಂತ ಸದ್ದು. ಆಮೇಲೆ ಏನೂ ಇಲ್ಲ. ಒಂದು ಗೊರಸಿನ ಸದ್ದೂ ಇಲ್ಲ.

ಇಳಿದು ಓಡಿ ಟ್ರೇಲರಿನ ಪಕ್ಕದ ಸಣ್ಣ ಬಾಗಿಲು ತೆಗೆದೆ. ಎಳ್ಳು ಚೀಲಗಳ ನಡುವೆ ಒಂದು ಮಗ್ಗುಲಿಗೆ ಸಿಕ್ಕಿಕೊಂಡು ಬಿದ್ದಿದ್ದಾಳೆ. ಕಾಲು ಮಡಚಿದೆ, ಕಣ್ಣಿನ ಬಿಳಿ ಕಾಣುತ್ತಿದೆ. ಗುರುಮಲ್ಲಯ್ಯ ಹಿಂದಿನ ಅಗುಳಿಗೆ ಕೈ ಹಾಕಿದ್ದರು.

‘ತಗೀರಿ ಕಣಪ್ಪ, ಉಸ್ರು ಕಟ್ತದೆ!’

ಶಿವಮೂರ್ತಿಯೂ ತೆಗೆಯೋಣ ಎಂದರು. ರಸ್ತೆಯಲ್ಲಿ ಲಾರಿಗಳು. ಬಾಗಿಲು ಬಿದ್ದರೆ ಎದ್ದ ಏಟಿಗೆ ಓಡುತ್ತಾಳೆ, ನೇರ ಚಕ್ರದಡಿಗೆ. ‘ತೆಗೀಬೇಡಿ’ ಎಂದೆ. ಗುರುಮಲ್ಲಯ್ಯ ಕೈ ತೆಗೆಯಲಿಲ್ಲ. ಅವರ ಕೈ ಮೇಲೆ ನನ್ನ ಕೈ ಇಟ್ಟೆ. ‘ಅಜ್ಜ, ನನ್ ಮಾತು ಕೇಳಿ. ಒಂದು ಚೀಲ ಎಳೀತೀನಿ. ಅಷ್ಟೇ.’

ತಪ್ಪಾಗಿದ್ದರೆ? ಆಗ ಯೋಚಿಸಲಿಲ್ಲ. 

ಸಣ್ಣ ಬಾಗಿಲಿನಲ್ಲಿ ಅರ್ಧ ಮೈ ತೂರಿಸಿ, ಅವಳ ಬೆನ್ನ ಹಿಂದಿನ ಚೀಲದ ದಾರ ಕೊಯ್ದು ಹುಲ್ಲನ್ನು ಹಿಡಿ ಹಿಡಿಯಾಗಿ ಹೊರಗೆಳೆದೆ. ಜನ ಫೋನ್ ಎತ್ತಿ ಮುತ್ತಿಕೊಂಡರು. ಒಬ್ಬ ಮಲಯಾಳಿ ಹೆಂಗಸು ಎಲ್ಲರನ್ನೂ ಗದರಿಸಿ ದೂರ ಕಳಿಸಿದರು. ಪುಣ್ಯಾತ್ಗಿತ್ತಿ. ಚೀಲ ಸಡಿಲವಾಯಿತು. ಎಳ್ಳು ಒಮ್ಮೆ ಒದೆದಳು, ನಿಂತಳು, ಮತ್ತೆ ಒದೆದಳು—ಎದ್ದಳು! ನಾಲ್ಕೂ ಕಾಲು ಊರಿ. ಮೈ ಕೊಡವಿ, ಹಾಯಾಗಿ ಉಚ್ಚೆ ಹೊಯ್ದಳು. ಗುರುಮಲ್ಲಯ್ಯ ಟೈರಿಗೆ ಒರಗಿ ಕುಳಿತು ಅತ್ತರು. ನಾನು ನಕ್ಕೆ, ಯಾಕೋ ನಿಲ್ಲಲೇ ಇಲ್ಲ.

ಉಳಿದ ದಾರಿ ಎತ್ತಿನ ಗಾಡಿಯ ವೇಗ. ಚಾಮರಾಜನಗರ ದಾಟಿ ಕುದೇರಿನ ತಿರುವು ಬಂತು. ಶಿವಮೂರ್ತಿಯ ಹೊಲ ಇನ್ನೂ ಕಾಣಿಸಿರಲಿಲ್ಲ, ಬೆಲ್ಲಳ ಕೂಗು. ಒಳಗಿಂದ ಎಳ್ಳು ಉತ್ತರ ಕೊಟ್ಟಳು. ವಾರದಿಂದ ಬಾಯಿ ಬಿಡದವಳು. ಟ್ರೇಲರೇ ಅಲ್ಲಾಡಿತು.

ಕಾಂಪೌಂಡ್ ಗೇಟು ಹಾಕಿದ ಮೇಲೆ ರ‍್ಯಾಂಪ್ ಇಳಿಸಿದೆವು. ಓಡುತ್ತಾಳೆ ಅಂದುಕೊಂಡಿದ್ದೆ. ಮೆಲ್ಲಗೆ ಇಳಿದಳು. ಅಕ್ಕ-ತಂಗಿ ಮೂಗಿಗೆ ಮೂಗು ತಾಗಿಸಿದರು. ಬೆಲ್ಲ ಅವಳ ಕತ್ತನ್ನು ಕಚ್ಚಿದಳು, ಇಷ್ಟು ದಿನ ಎಲ್ಲಿದ್ದೆ ಎನ್ನುವ ಹಾಗೆ. ಆಮೇಲೆ ಎರಡೂ ತಲೆ ತಗ್ಗಿಸಿ ಗರಿಕೆಗೆ ಬಾಯಿ ಹಾಕಿದವು.

ಡಾಕ್ಟರಿಗೆ ಫೋನ್ ಮಾಡಿದೆ. ತಿಂತಿದಾಳೆ ಸರ್, ಲದ್ದಿಯೂ ಹಾಕಿದಳು ಎಂದೆ.  ಗೆದ್ದಿರಿ ಬಿಡಿ, ನಾಳೆ ಬಂದು ರಕ್ತ ತೆಗೆದು ನೋಡ್ತೀನಿ ಎಂದರು.

ಗುರುಮಲ್ಲಯ್ಯ ವಾಪಸ್ ಹೊರಡುವ ಮಾತೆತ್ತಿಲ್ಲ. ಶಿವಮೂರ್ತಿಯ ತಾಯಿ ಮಲ್ಲಮ್ಮ, ಇವೆರಡನ್ನು ನೋಡಿಕೊಳ್ಳುವವರು ನಮಗೂ ಬೇಕಲ್ಲ ಎಂದು ಕೊಟ್ಟಿಗೆ ಪಕ್ಕದ ಕೋಣೆ ಗುಡಿಸಿಟ್ಟಿದ್ದಾರೆ. ಅಜ್ಜ ಕೇಳಿಸದವರ ಹಾಗೆ ಬೇಲಿಯ ಬಳಿ ಕೂತಿದ್ದಾರೆ. ಆದರೆ ಟವೆಲ್ ಒಗೆದು ಒಣಹಾಕಿದ್ದಾರೆ.

ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮೇಯುವ ಸದ್ದು ಕೇಳುತ್ತಿದೆ. ಈಗ ನಿಂತಿತು... ಇಲ್ಲ, ನೀರು ಕುಡಿದಳು. ಮತ್ತೆ ಶುರು.

ಒಳಗೆ ಮುದ್ದೆ ತೊಳಸುತ್ತಿದ್ದಾರೆ. ಅವರೆಕಾಳಿನ ಸಾರು. ‘ಬಾ ಕಣಮ್ಮಿ ರಂಜಿನಿ, ಆರೋಯ್ತದೆ’ ಎಂದು ಕೂಗುತ್ತಿದ್ದಾರೆ ಮಲ್ಲಮ್ಮ. ಹೊಟ್ಟೆ ಎಷ್ಟು ಹಸಿದಿದೆ ಅಂದರೆ—